ಜಿಂಕೆಯ ಕಳೇಬರದಲ್ಲಿ ರೋಗ ಪತ್ತೆ: ಕರುಳು, ಲಿವರ್ ನೋಡಿದರೆ ಸಾಕೇ?

ಕಾಡುಜಿಂಕೆಯ ಕರುಳು, ಲಿವರ್ ಚೆನ್ನಾಗಿ ಕಂಡರೆ ರೋಗವಿಲ್ಲ ಅಂದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಅಷ್ಟು ಸಾಲದು. ಕ್ಷಯ ತಗುಲಿದ ಜಿಂಕೆಯೂ ಎಷ್ಟೋ ಸಲ ಮೈತುಂಬಿಕೊಂಡೇ ಇರುತ್ತದೆ. ಗುರುತು ಸಿಗುವುದು ದುಗ್ಧಗ್ರಂಥಿಗಳಲ್ಲಿ (ಸೋಂಕನ್ನು ತಡೆಹಿಡಿಯುವ ಸಣ್ಣ ಗ್ರಂಥಿಗಳು, ಲಿಂಫ್ ನೋಡ್), ಅದರಲ್ಲೂ ಗಂಟಲಿನ ಹಿಂದೆ. ಹಾಗಾಗಿ ತಪಾಸಣೆ ಮುಗಿಯುವ ತನಕ ತಲೆ, ಶ್ವಾಸಕೋಶ, ಕರುಳು ಯಾವುದನ್ನೂ ಎಸೆಯಬೇಡಿ.

ಚಾಕು ಹಾಕುವ ಮುಂಚೆ ಒಂದು ಮಾತು. ಪ್ರಾಣಿ ತಾನಾಗಿ ಸತ್ತು ಬಿದ್ದಿದೆ, ಹೊಟ್ಟೆ ಬೇಗ ಉಬ್ಬಿದೆ, ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದೆ, ಮೈ ಸರಿಯಾಗಿ ಸೆಟೆದುಕೊಂಡಿಲ್ಲ ಎಂದಾದರೆ ಅದನ್ನು ಕೊಯ್ಯಲೇಬಾರದು. ಆಂಥ್ರಾಕ್ಸ್, ಅಂದರೆ ನೆರಡಿ ರೋಗ ಇರಬಹುದು. ಕೊಯ್ದರೆ ಗಾಳಿ ತಗುಲಿ ಬ್ಯಾಕ್ಟೀರಿಯಾ ಬೀಜಾಣುಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ನಾಲಿಗೆ, ಒಸಡು, ಗೊರಸಿನ ಸಂದಿಯಲ್ಲಿ ಬೊಬ್ಬೆ ಅಥವಾ ಹುಣ್ಣು ಕಂಡರೂ ಅಷ್ಟೆ, ಕಾಲುಬಾಯಿ ರೋಗದ ಶಂಕೆಯಿಂದಲೇ ನೋಡಬೇಕು.

ಅಂಥದ್ದೇನೂ ಇಲ್ಲದಿದ್ದರೆ ಕೈಗವಸು ಹಾಕಿಕೊಂಡು, ಒಳ್ಳೆಯ ಬೆಳಕಿನಲ್ಲಿ ಶುರುಮಾಡಿ. ನಾನು ತಲೆಯಿಂದ ಆರಂಭಿಸುತ್ತೇನೆ: ದವಡೆಯ ಕೆಳಗಿನ ಗ್ರಂಥಿಗಳು, ಗಂಟಲ ಹಿಂದಿನ ಜೋಡಿ. ಆಮೇಲೆ ಶ್ವಾಸನಾಳ ಕವಲೊಡೆಯುವ ಜಾಗ ಮತ್ತು ಎರಡು ಶ್ವಾಸಕೋಶಗಳ ನಡುವಿನವು. ಕೊನೆಗೆ ಕರುಳನ್ನು ಹಿಡಿದಿರುವ ತೆಳುಪೊರೆಯಲ್ಲಿ ಸಾಲಾಗಿರುವವು. ಬೆರಳುಗಳ ನಡುವೆ ಉರುಳಿಸಿ, ಎಡಬಲ ಹೋಲಿಸಿ. ಆರೋಗ್ಯವಾದ ಗ್ರಂಥಿ ನುಣುಪಾಗಿ, ಒಂದೇ ಸಮನೆ ಗಟ್ಟಿಯಾಗಿರುತ್ತದೆ. ಮರಿಗಳಲ್ಲಿ ಸ್ವಲ್ಪ ದೊಡ್ಡದಿರುವುದು ಸಹಜ. ಒಂದು ಕಡೆಯದು ಮಾತ್ರ ಊದಿದ್ದರೆ, ಉಬ್ಬುತಗ್ಗಾಗಿದ್ದರೆ, ಒತ್ತಿದಾಗ ಒಳಗೆ ಮೆತ್ತಗೆ ಸಿಕ್ಕರೆ ಅಲ್ಲೇ ನಿಲ್ಲಿಸಿ. ದನಗಳ ಕ್ಷಯದಲ್ಲಿ ಗಂಟು ಹೆಚ್ಚಾಗಿ ಸುಣ್ಣಗಟ್ಟಿ ಗರಗರ ಅನ್ನುತ್ತದೆ. ಜಿಂಕೆಯಲ್ಲಿ ಅದು ತೆಳುಗೋಡೆಯ ಕೀವಿನ ಚೀಲದಂತಿರುವುದೇ ಜಾಸ್ತಿ. ಹಳೇ ಗಾಯದ ಕೀವು ಅಂದುಕೊಂಡು ಜನ ಮೋಸಹೋಗುವುದು ಇಲ್ಲೇ. ದಯವಿಟ್ಟು ಅದನ್ನು ಸೀಳಬೇಡಿ: ಚಾಕು, ಮಾಂಸ, ನಿಮ್ಮ ಕೈ ಎಲ್ಲಕ್ಕೂ ಸೋಂಕು ಹರಡುತ್ತದೆ, ಪ್ರಯೋಗಾಲಯಕ್ಕೆ ಕಳಿಸುವ ಮಾದರಿಯೂ ಕೆಡುತ್ತದೆ. ತಲೆ, ಒಳಾಂಗ, ಮೈ ಒಂದೇ ಪ್ರಾಣಿಯವು ಎಂದು ಚೀಟಿ ಕಟ್ಟಿ, ಬೇರೆ ಮಾಂಸದಿಂದ ದೂರವಿಟ್ಟು ವರದಿ ಮಾಡಿ.

ಶ್ವಾಸಕೋಶವನ್ನು ಅಂಗೈಯಲ್ಲಿ ಒತ್ತಿ ನೋಡಿ. ಪಕ್ಕೆಲುಬಿನ ಒಳಪೊರೆಯ ಮೇಲೆ ಮುತ್ತಿನಂಥ ಗಂಟುಗಳಿವೆಯೇ ಗಮನಿಸಿ. ಲಿವರ್‌ನ ಪಿತ್ತನಾಳಗಳು ದಪ್ಪಗಾಗಿ ಬೆಳ್ಳಗಿದ್ದರೆ ಅದು ಚಪ್ಪಟೆಹುಳುವಿನ ಕೆಲಸ. ಉಳಿದದ್ದೆಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಲಿವರ್ ಮಾತ್ರ ತೆಗೆದುಹಾಕಿದರೆ ಸಾಕು.

ಕ್ರಾನಿಕ್ ವೇಸ್ಟಿಂಗ್ ಎಂಬ ಪ್ರಿಯಾನ್ ಕಾಯಿಲೆ (ಆಕಾರ ಕೆಟ್ಟ ಪ್ರೋಟೀನಿನಿಂದ ಬಂದು ಜಿಂಕೆಯ ಮಿದುಳನ್ನು ಹಾಳುಮಾಡುವಂಥದ್ದು) ಮಾತ್ರ ಈ ಯಾವ ತಪಾಸಣೆಗೂ ಸಿಗುವುದಿಲ್ಲ. ಅದಿರುವ ಪ್ರದೇಶವಾದರೆ ಗಂಟಲ ಹಿಂದಿನ ಗ್ರಂಥಿ ಅಥವಾ ಮಿದುಳಿನ ಬುಡದ ಮಾದರಿಯನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ಮಾಂಸ ತಿನ್ನಬೇಡಿ.