ಕೈ ಕಸೂತಿಗೆ ಮೊದಲು ಯಾವ ಹೊಲಿಗೆ ಕಲಿಯಬೇಕು?

ಸೂಜಿ ಹಿಡಿದು ಅಭ್ಯಾಸವೇ ಇಲ್ಲ, ಇಷ್ಟೊಂದು ಹೊಲಿಗೆಗಳಲ್ಲಿ ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ರನ್ನಿಂಗ್ ಸ್ಟಿಚ್‌ನಿಂದ ಮಾಡಿ, ಅಂದರೆ ಸೂಜಿ ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಕೆಳಗೆ ಹೋಗುವ ಸಾದಾ ಹೊಲಿಗೆ. ಎರಡು ವಾರ ಅದೊಂದೇ ಸಾಕು.

ನಾನು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವಳು. ಇಳಕಲ್ ಸೀರೆ ಮೇಲೆ ಕಸೂತಿ ಹಾಕುತ್ತಿದ್ದ ಅಜ್ಜಿ ನನಗೆ ಕಲಿಸಿದ್ದು ಇದೇ ದಾರಿಯಲ್ಲಿ.

ಮೊದಲಿಗೆ ಮ್ಯಾಟಿ ಬಟ್ಟೆ ತಗೊಳ್ಳಿ. ಅದರಲ್ಲಿ ನೇಯ್ಗೆಯ ಚೌಕ ಚೌಕದ ಮನೆಗಳು ಕಣ್ಣಿಗೆ ಕಾಣುತ್ತವೆ, ಎಣಿಸುವುದು ಸುಲಭ. ಸೂಜಿಯ ತುದಿ ಮೊಂಡಾಗಿರಲಿ. ಆ್ಯಂಕರ್ ಕಂಪನಿಯ ಕಸೂತಿ ದಾರದ ಒಂದು ಲಡಿಯಲ್ಲಿ 6 ಎಳೆ ಇರುತ್ತವೆ. 2 ಎಳೆ ಮಾತ್ರ ಬಿಡಿಸಿ, ಅದೂ ಒಂದೊಂದಾಗಿ ಎಳೆದು. ಉದ್ದ ಒಂದು ಮೊಳ ಇದ್ದರೆ ಸಾಕು. ನಾನು ಪದೇ ಪದೇ ಪೋಣಿಸುವ ಬೇಸರಕ್ಕೆ ಎರಡು ಮಾರು ದಾರ ಹಾಕುತ್ತಿದ್ದೆ. ಅರ್ಧ ಸಾಲಿಗೇ ಸಿಕ್ಕು ಬಿದ್ದು, ಅಷ್ಟೂ ಕತ್ತರಿಸಬೇಕಾಗುತ್ತಿತ್ತು.

ಈಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಅಂತ ಸಾಲಿನ ತುದಿವರೆಗೆ ಹೋಗಿ. ಅಲ್ಲಿಂದ ಅದೇ ತೂತುಗಳಲ್ಲಿ ತಿರುಗಿ ಬನ್ನಿ. ಬಿಟ್ಟ ಮನೆಗಳೆಲ್ಲ ತುಂಬುತ್ತವೆ, ಬಟ್ಟೆಯ ಎರಡೂ ಮಗ್ಗುಲು ಒಂದೇ ತರ ಕಾಣುತ್ತವೆ. ಕಸೂತಿಯಲ್ಲಿ ಈ ಹೊಲಿಗೆಗೇ ಗವಂತಿ ಅನ್ನುತ್ತಾರೆ. ಬರುವಾಗ ಹಳೆ ದಾರವನ್ನು ಸೂಜಿಯಿಂದ ಸೀಳಬೇಡಿ. ಪ್ರತಿ ಸಲ ಹಳೆ ಹೊಲಿಗೆಯ ಕೆಳಬದಿಯಿಂದ ಎದ್ದು ಮೇಲ್ಬದಿಯಲ್ಲಿ ಇಳಿದರೆ ಗೆರೆ ನೆಟ್ಟಗೆ ಬರುತ್ತದೆ. ಸಣ್ಣ ಮಾತು ಅನಿಸಬಹುದು, ಆದರೆ ನನ್ನ ಗೆರೆ ಅಂಕುಡೊಂಕು ಆಗುವುದು ನಿಂತದ್ದು ಇದರಿಂದಲೇ.

ಇನ್ನೊಂದು, ಗಂಟು ಹಾಕಬೇಡಿ. ಶುರುವಿಗೆ ಒಂದಿಷ್ಟು ದಾರ ಬಿಟ್ಟು, ಆಮೇಲೆ ಅದನ್ನು ಹೊಲಿಗೆಯೊಳಗೇ ಸೇರಿಸಿ. ನಾನು ಮುಂದಿನ ಮಗ್ಗುಲು ತೋರಿಸಿದರೆ ಅಜ್ಜಿ ನೋಡುತ್ತಲೇ ಇರಲಿಲ್ಲ. "ಅರಬಿ ಹೊಳ್ಳಿಸಿ ತೋರ್ಸು" ಅನ್ನುತ್ತಿದ್ದರು, ಅಂದರೆ ಬಟ್ಟೆ ತಿರುಗಿಸಿ ತೋರಿಸು ಅಂತ. ಹಿಂದೆ ಗಂಟು ಕಂಡರೆ ಬಿಚ್ಚಿಸಿಯೇ ಬಿಡುತ್ತಿದ್ದರು. ಆಗ ಅಳು ಬರುತ್ತಿತ್ತು. ಈಗ ಯಾರೇ ಕಸೂತಿ ತೋರಿಸಿದರೂ ನನ್ನ ಕೈ ತಾನಾಗಿ ಬಟ್ಟೆ ತಿರುವುತ್ತದೆ.

ಗವಂತಿ ಬಂದರೆ ಕಸೂತಿಯ ಮುಂದಿನ ಹೊಲಿಗೆ ಮುರ್ಗಿ ಕಷ್ಟವಲ್ಲ. ಅದೇ ಹೊಲಿಗೆ, ಮೆಟ್ಟಿಲಿನಂತೆ ಏರುತ್ತಾ ಹೋಗುತ್ತದೆ. ನೇಯ್ಗಿ ಕೂಡ ರನ್ನಿಂಗ್ ಸ್ಟಿಚ್ಚೇ, ಆದರೆ ಉದ್ದ ಗಿಡ್ಡ ಸೇರಿ ಬಟ್ಟೆಯಲ್ಲೇ ನೇಯ್ದ ಹಾಗೆ ಕಾಣುತ್ತದೆ. ಹೆಂತಿ ಅಂದರೆ ಕ್ರಾಸ್ ಸ್ಟಿಚ್, ಗುಣಾಕಾರದ ಗುರುತಿನಂತೆ ಅಡ್ಡಾಡ್ಡ ಹಾಕುವುದು. ಮೊದಲ ಚಿತ್ರಕ್ಕೆ ಸಣ್ಣ ತುಳಸಿಕಟ್ಟೆ ಹಿಡಿಯಿರಿ, ತೇರು, ಆನೆ ಆಮೇಲೆ ಬರಲಿ.

ನಿಮಗೆ ಹೂ ಬಳ್ಳಿ ಇಷ್ಟ ಇದ್ದರೆ ಆಗ ಸರಪಳಿಯಂತೆ ಕಾಣುವ ಚೈನ್ ಸ್ಟಿಚ್, ಹೂವಿನ ಎಸಳಿನಂತೆ ಕಾಣುವ ಲೇಜಿ ಡೇಜಿ ಕಲಿಯಿರಿ. ಅವಕ್ಕೆ ಮ್ಯಾಟಿ ಬೇಡ. ಸಾದಾ ಹತ್ತಿ ಬಟ್ಟೆ, ಚೂಪು ಸೂಜಿ, ಬಟ್ಟೆ ಬಿಗಿಯಾಗಿ ಹಿಡಿಯಲು ಒಂದು ರಿಂಗ್ ಇದ್ದರಾಯಿತು.