69ನೇ ಮೈಲಿನ ಆಚೆಗಿನವರ ಸ್ವಾತಂತ್ರ್ಯ

ಕೊಪ್ಪಳ ಜಿಲ್ಲೆಯ ಕಾರಟಗಿಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ, ಆರು ಪುಟಗಳ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: “ಸಣ್ಣದೊಂದು ಅಕ್ಕಿ ಗಿರಣಿ ಹಾಕಲು ಹದಿನಾಲ್ಕು ತಿಂಗಳು ಕಚೇರಿಗಳಿಗೆ ಅಲೆದೆ. ಜಮೀನು ನನ್ನದು, ದುಡ್ಡು ನನ್ನದು, ನಡುವೆ ಸರ್ಕಾರ ಏಕೆ? ‘ಸಮಾಜವಾದಿ’ ಎಂಬ ಪದವನ್ನು ಸಂವಿಧಾನದಿಂದ ತೆಗೆಯಬೇಕು. ಪೊಲೀಸು, ನ್ಯಾಯಾಲಯ, ಗಡಿ ರಕ್ಷಣೆ ಬಿಟ್ಟು ಉಳಿದ ಎಲ್ಲದರಿಂದ ಸರ್ಕಾರ ದೂರ ಇರಬೇಕು. ನಿಮ್ಮ ಪತ್ರಿಕೆಗೆ ವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಕಾಳಜಿ ಇಲ್ಲವೇ?”

ಮಾನ್ಯರೇ,

ಕಾಳಜಿ ಇದೆ. ಆ ಹದಿನಾಲ್ಕು ತಿಂಗಳ ವಿವರ ಓದುವಾಗ ನನಗೂ ಸಿಟ್ಟು ಬಂದಿತು. ನಿಮ್ಮ ಅರ್ಜಿಯನ್ನು ತಿರಸ್ಕರಿಸಿದ್ದರೆ ಮೇಲ್ಮನವಿಗಾದರೂ ದಾರಿ ಇರುತ್ತಿತ್ತು. ತಿರಸ್ಕರಿಸದೆ, ಮಂಜೂರೂ ಮಾಡದೆ, ಕಡತವನ್ನು ಮೇಜಿನಿಂದ ಮೇಜಿಗೆ ದಾಟಿಸುತ್ತ ಕೂರುವುದು ಅಧಿಕಾರದ ಅತ್ಯಂತ ಕೆಟ್ಟ ಬಳಕೆ. 2012ರಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆ ತನ್ನ ಪಟ್ಟಿಯಲ್ಲಿರುವ ಸೇವೆಗಳಿಗೆ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದಿತು. ಇಪ್ಪತ್ತು ರೂಪಾಯಿಗೆ ಯಾವ ಅಧಿಕಾರಿ ಹೆದರುತ್ತಾನೆ? ಗಡುವು ಮುಗಿದರೆ ಅನುಮತಿ ಸಿಕ್ಕಂತೆಯೇ ಎಂಬ ನಿಯಮ ಬೇಕು. ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಭೂ ಪರಿವರ್ತನೆಗೆ ಇಂಥದೊಂದು ಅವಕಾಶವನ್ನು ಬರೆದಿಟ್ಟಿದ್ದಾರೆ. ಸಣ್ಣ ಉದ್ಯಮದ ಪ್ರತಿ ಪರವಾನಗಿಗೂ ಅದು ಅನ್ವಯವಾಗಲಿ.

ಸಂವಿಧಾನದ ಪದದ ವಿಷಯದಲ್ಲಿಯೂ ನಿಮ್ಮ ವಾದದಲ್ಲಿ ಹುರುಳಿದೆ. 1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಸದಸ್ಯ ಕೆ.ಟಿ. ಷಾ ಅವರು ಈ ಪದವನ್ನು ಸೇರಿಸಬೇಕೆಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜ ಹೇಗೆ ಬದುಕಬೇಕು ಎಂಬುದನ್ನು ಆಯಾ ಕಾಲದ ಜನ ತೀರ್ಮಾನಿಸಬೇಕು, ಅದನ್ನು ಸಂವಿಧಾನದಲ್ಲಿಯೇ ಕಟ್ಟಿಹಾಕಿದರೆ ಪ್ರಜಾಪ್ರಭುತ್ವ ಉಳಿಯುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಪದ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ, ತುರ್ತು ಪರಿಸ್ಥಿತಿಯಲ್ಲಿ. ವಿರೋಧ ಪಕ್ಷದವರನ್ನು ಜೈಲಿನಲ್ಲಿಟ್ಟು ಸೇರಿಸಿದ ಪದ ಅದು. ಸೇರಿಸಿದ ರೀತಿಯನ್ನು ನಾನು ಸಮರ್ಥಿಸಲಾರೆ.

ಆದರೆ ಅದೇ ಅಂಬೇಡ್ಕರ್ 1947ರಲ್ಲಿ ಸಂವಿಧಾನ ಸಭೆಗಾಗಿ ಬರೆದ ತಮ್ಮ ಮನವಿಯಲ್ಲಿ ಕೃಷಿ ಭೂಮಿಯೂ ಮೂಲ ಕೈಗಾರಿಕೆಗಳೂ ಸರ್ಕಾರದ ಒಡೆತನದಲ್ಲಿರಲಿ ಎಂದಿದ್ದರು. ಸರ್ಕಾರ ಹಿಂದೆ ಸರಿದ ಮಾತ್ರಕ್ಕೆ ಎಲ್ಲರಿಗೂ ಸ್ವಾತಂತ್ರ್ಯ ಸಿಗುವುದಿಲ್ಲ, ಗೇಣಿ ಏರಿಸುವ ಸ್ವಾತಂತ್ರ್ಯ ಜಮೀನುದಾರನಿಗೆ, ಕೂಲಿ ಇಳಿಸುವ ಸ್ವಾತಂತ್ರ್ಯ ಬಂಡವಾಳಗಾರನಿಗೆ ಸಿಗುತ್ತದೆ ಎಂದು ಅವರು ಎಚ್ಚರಿಸಿದ್ದರು. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಜಾಮರ ಕಾಲದಲ್ಲಿ ಕೊಪ್ಪಳ ಅವರ ದಿವಾನರಾಗಿದ್ದ ಸಾಲಾರ್ ಜಂಗರ ಮನೆತನದ ಜಾಗೀರಾಗಿತ್ತು, ಅಂದರೆ ಕಂದಾಯ ವಸೂಲಿ ಆ ಮನೆತನದ ಕೈಯಲ್ಲಿತ್ತು. 1949ರಲ್ಲಿ ಜಾಗೀರುಗಳು ರದ್ದಾದದ್ದು ಸರ್ಕಾರದ ಅಧಿಕಾರದಿಂದಲೇ.

ಈಗ ನಿಮ್ಮ ಗದ್ದೆಯ ಮಾತಿಗೆ ಬರುತ್ತೇನೆ. ನಿಮ್ಮ ಗಿರಣಿಗೆ ಭತ್ತ ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ. 1945ರಲ್ಲಿ ಆರಂಭವಾದ ಆ ಅಣೆಕಟ್ಟನ್ನು ಕಟ್ಟಿಸಿದ್ದು ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು. ಹೆಚ್ಚು ಭೂಮಿಗೆ ಸ್ವಲ್ಪ ಸ್ವಲ್ಪವೇ ನೀರು ತಲುಪಲಿ ಎಂದು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಲೆಕ್ಕಕ್ಕಿಟ್ಟು ಎಡದಂಡೆಯ ಅಚ್ಚುಕಟ್ಟನ್ನು ಯೋಜಿಸಿದ್ದರು. ಮೇಲ್ಭಾಗ ಭತ್ತದ ಕಣಜವಾಯಿತು. ಕಾಲುವೆಗೆ ಪಂಪ್‌ಸೆಟ್ ಇಳಿಸಿ ಅಚ್ಚುಕಟ್ಟಿನ ಹೊರಗಿನ ಜಮೀನಿಗೂ ನೀರು ಎತ್ತುವವರು ಹೆಚ್ಚಿದರು. ನನ್ನ ತಂದೆಯ ನಾಲ್ಕು ಎಕರೆ ಮಾನ್ವಿ ತಾಲ್ಲೂಕಿನ ಕೊನೆ ಭಾಗದಲ್ಲಿದೆ. ಹತ್ತಿ ಕಾಯಿ ಕಟ್ಟುವ ಹೊತ್ತಿಗೆ ಅವರು ರಾತ್ರಿ ಬ್ಯಾಟರಿ ಹಿಡಿದು ಉಪಕಾಲುವೆಯ ದಂಡೆಯ ಮೇಲೆ ಕೂರುತ್ತಿದ್ದರು. ಎಡದಂಡೆ ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಮಟ್ಟ ಅಳೆಯುವ ಗೇಜಿನಲ್ಲಿ ಎಷ್ಟು ಅಡಿ ನೀರಿದೆ ಎಂದು ಸಿಂಧನೂರಿನ ಕಡೆಯಿಂದ ಬಂದವರನ್ನೆಲ್ಲ ಕೇಳುತ್ತಿದ್ದರು. ಎಷ್ಟೋ ವರ್ಷ ನೀರು ಬರಲೇ ಇಲ್ಲ. ಮೇಲಿನವರು ಹೇಳುತ್ತಿದ್ದದ್ದು ನಿಮ್ಮ ಪತ್ರದ ಮಾತನ್ನೇ: ಜಮೀನು ನನ್ನದು, ಪಂಪು ನನ್ನದು, ಕೇಳಲು ನೀವ್ಯಾರು?

ನೀರು ಕಡಿಮೆಯಾದ ವರ್ಷಗಳಲ್ಲಿ ಜಿಲ್ಲಾಡಳಿತ ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಹೊರಡಿಸುತ್ತದೆ. ಮೊದಲು ಅದನ್ನು 144ನೇ ಕಲಮು ಎನ್ನುತ್ತಿದ್ದೆವು, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163. ಅಕ್ರಮ ಪಂಪುಗಳನ್ನು ಎತ್ತಿಸಲು ಈ ಅಧಿಕಾರ ಬೇಕು. ಇಲ್ಲದಿದ್ದರೆ ಕೊನೆ ಭಾಗದ ರೈತನ ಸ್ವಾತಂತ್ರ್ಯ ಒಣಗಿದ ಕಾಲುವೆಯಲ್ಲಿಯೇ ಮುಗಿಯುತ್ತದೆ. ಆದರೆ ಐದು ಜನ ಸೇರಬಾರದು ಎಂಬ ಅದೇ ಆದೇಶವನ್ನು ನೀರು ಕೇಳಿ ರಸ್ತೆಗಿಳಿದ ರೈತರ ಮೇಲೂ ಹೂಡಬಹುದು. ಆದ್ದರಿಂದ ಅದರಲ್ಲಿ ಕಾರಣ ಬರೆದಿರಬೇಕು, ಎಷ್ಟು ದಿನ, ಎಲ್ಲಿಂದ ಎಲ್ಲಿಯವರೆಗೆ ಎಂಬುದು ಸ್ಪಷ್ಟವಿರಬೇಕು, ದಿನದಿನದ ಗೇಜ್ ಲೆಕ್ಕ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬೀಳಬೇಕು. ಸರ್ಕಾರಕ್ಕೆ ಮಿತಿ ಹಾಕುವುದೆಂದರೆ ನನಗೆ ಇದು. ಅಣೆಕಟ್ಟನ್ನು ಅದರ ಕೈಯಿಂದ ಕಿತ್ತುಕೊಳ್ಳುವುದಲ್ಲ.

ಮಿತಿಯೇ ಇಲ್ಲದೆ ಹೋದರೆ ಏನಾಗುತ್ತದೆ ಎಂದು ನೋಡಬೇಕಾದರೆ ಬಳ್ಳಾರಿ ಬಳಿಯ ಕುಡತಿನಿಗೆ ಹೋಗಿಬನ್ನಿ. ಉಕ್ಕಿನ ಕಾರ್ಖಾನೆಗಳು ಬರುತ್ತವೆ, ಮನೆಗೊಂದು ಕೆಲಸ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಸುತ್ತಲಿನ ಹಳ್ಳಿಗಳ ಜಮೀನು ಹೋಯಿತು. ಖಾಸಗಿ ಕಂಪನಿಗಳಿಗೆಂದು ಸರ್ಕಾರ ತೆಗೆದುಕೊಂಡ ನೆಲದಲ್ಲಿ ಕಾರ್ಖಾನೆ ಏಳಲಿಲ್ಲ. ರೈತರು ಧರಣಿ ಕೂತರು. ಕೈಗಾರಿಕೆಗೆ ಭೂಮಿ ಪಡೆಯಲು ರಾಜ್ಯ ಬಳಸುವ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಲ್ಲಿ ರೈತನಿಗೆ ಆಕ್ಷೇಪಣೆಯ ನೋಟಿಸ್ ಕೊಡಬೇಕೆಂದಿದೆ, ಅವನ ಒಪ್ಪಿಗೆ ಕೇಳಬೇಕೆಂದಿಲ್ಲ. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗಾಗಿ ಭೂಮಿ ಪಡೆಯಲು ಶೇಕಡಾ 80ರಷ್ಟು ಜನರ ಒಪ್ಪಿಗೆ ಬೇಕೆನ್ನುತ್ತದೆ. ಅದೇ ಷರತ್ತು ರಾಜ್ಯದ ಕಾಯ್ದೆಗೂ ಬರಬೇಕು. ಬಡವನಿಂದ ಕಿತ್ತು ಕಂಪನಿಗೆ ಕೊಡುವುದನ್ನು ಸಮಾಜವಾದ ಎಂದು ನಾನು ಕರೆಯಲಾರೆ, ನೀವು ಮುಕ್ತ ಮಾರುಕಟ್ಟೆ ಎಂದು ಕರೆಯಲಾರಿರಿ. ಇಲ್ಲಿ ನಾವಿಬ್ಬರೂ ಒಂದೇ ಕಡೆ ನಿಲ್ಲುತ್ತೇವೆ.

ಗಣಿಯ ಬಗ್ಗೆ ಒಂದು ಮಾತು. ಗಣಿ ಮಾಲೀಕರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಬಳ್ಳಾರಿ ಜಿಲ್ಲೆ ಉದ್ಧಾರವಾಗುತ್ತಿತ್ತು ಎಂದು ಬರೆದಿದ್ದೀರಿ. ಬಿಟ್ಟೇ ಇದ್ದರು. ಅದಿರು ಲಾರಿಗಳ ಕೆಂಪು ದೂಳಿನಲ್ಲಿ ಸಂಡೂರಿನ ಜನ ಉಸಿರಾಡಿದ್ದು ಆಗಲೇ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ನಾಗರಿಕರ ಸಂಘಟನೆಯೊಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ ಅದು ಸಾಧ್ಯವಾಯಿತು.

ನಿಮ್ಮ ಗಿರಣಿಯ ಅರ್ಜಿಯ ಪ್ರತಿ, ಸ್ವೀಕೃತಿ, ಯಾವ ದಿನ ಯಾವ ಕಚೇರಿಗೆ ಹೋಗಿದ್ದಿರಿ ಎಂಬ ಪಟ್ಟಿ, ಇವನ್ನು ಕಳುಹಿಸಿಕೊಡಿ. ದಿನಾಂಕಗಳ ಸಮೇತ ಪ್ರಕಟಿಸುತ್ತೇವೆ. ಮುಂದಿನ ಬಾರಿ ಕಾಲುವೆಗೆ ನೀರು ಬಿಟ್ಟಾಗ ಒಂದು ದಿನ ಬಿಡುವು ಮಾಡಿಕೊಂಡು ಮಾನ್ವಿಗೆ ಬನ್ನಿ. ತಂದೆಗೆ ಈಗ ವಯಸ್ಸಾಗಿದೆ, ಆದರೂ ಉಪಕಾಲುವೆಯವರೆಗೆ ನಡೆಯುತ್ತಾರೆ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿದ್ದೇನೆ. ನಿಮ್ಮೊಡನೆ ಮಾತನಾಡಬೇಕು ಎಂದಿದ್ದಾರೆ.

— ಸಂಪಾದಕ