ದಾಳಿಂಬೆಗೆ ಆ್ಯಂಟಿಬಯೋಟಿಕ್: ಡೋಸ್ ಹೆಚ್ಚಿಸಬೇಡಿ, ನಿಲ್ಲಿಸಿ

ಮಳೆ ಶುರುವಾಯಿತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಊರು ಬೇರೆ, ಎಕರೆ ಬೇರೆ, ಅಷ್ಟೇ. ಉತ್ತರ ಎಷ್ಟು ಸಲ ಕೊಟ್ಟರೂ ಅಂಗಡಿಯವನ ಮಾತೇ ಗೆಲ್ಲುತ್ತದೆ. ಅದಕ್ಕೇ ಈ ಸಲದ ಜಾಗವೆಲ್ಲ ಹೆಚ್ಚುಕಡಿಮೆ ಅದಕ್ಕೇ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ನಾಲ್ಕು ಎಕರೆ ದಾಳಿಂಬೆಗೆ ದುಂಡಾಣು ಅಂಗಮಾರಿ ಬಿದ್ದಿದೆ. ಸ್ಟ್ರೆಪ್ಟೊಸೈಕ್ಲಿನ್ ಹೊಡೆಯುತ್ತಲೇ ಇದ್ದೇವೆ. ಮೊದಲೆಲ್ಲ ಹತೋಟಿಗೆ ಬರುತ್ತಿತ್ತು, ಈಗ ಬರುತ್ತಿಲ್ಲ. ಡೋಸ್ ಡಬಲ್ ಮಾಡಿ ಅಂತ ಅಂಗಡಿಯವರು ಹೇಳುತ್ತಾರೆ. ಮಾಡಬಹುದಾ ಸರ್? (ಕುಷ್ಟಗಿ ಕಡೆಯ ಓದುಗರು)

ಬೇಡ. ಡಬಲ್ ಹಾಗಿರಲಿ, ಇನ್ನು ಒಂದು ಪೊಟ್ಟಣವನ್ನೂ ಒಡೆಯಬೇಡಿ.

ಅದರಲ್ಲಿ ಏನಿದೆ ಅಂತ ಯಾರೂ ನಿಮಗೆ ಹೇಳಿದಂತಿಲ್ಲ. ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್‌ಗೆ ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಿ. ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೆ ಸಿಕ್ಕ ಮೊದಲ ಗಟ್ಟಿ ಆ್ಯಂಟಿಬಯೋಟಿಕ್. 1943ರಲ್ಲಿ ಅಮೆರಿಕದಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದಲೇ ಅದನ್ನು ತೆಗೆದರು. ಅಂಥದ್ದನ್ನು ನಾವು ಎಕರೆಗಟ್ಟಲೆ ಗಾಳಿಗೆ ಹಾರಿಸುತ್ತಿದ್ದೇವೆ.

ಈಗ ನಿಮ್ಮ ತೋಟದ ಒಂದು ಎಲೆಗೆ ಬನ್ನಿ. ಬೆಳಕಿಗೆ ಹಿಡಿದರೆ ಎಣ್ಣೆ ಸಿಡಿದಂಥ ಚುಕ್ಕೆ ಕಾಣುತ್ತದೆ, ಸುತ್ತ ಹಳದಿ ಬಳೆ. ಅದು ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಆದರೆ ಚುಕ್ಕೆ ಇಲ್ಲದ ಜಾಗವೂ ಖಾಲಿ ಇಲ್ಲ. ಸಾಮಾನ್ಯವಾಗಿ ಎಲೆಯ ಒಂದು ಚದರ ಸೆಂಟಿಮೀಟರಿನಲ್ಲಿ 10 ಲಕ್ಷದಿಂದ 1 ಕೋಟಿ ಬ್ಯಾಕ್ಟೀರಿಯಾ ವಾಸವಾಗಿರುತ್ತವೆ. ನರಗಳ ಪಕ್ಕ, ಸಣ್ಣ ರೋಮಗಳ ಬುಡ, ಎಲೆ ಉಸಿರಾಡುವ ರಂಧ್ರಗಳ ಸುತ್ತ, ಹೀಗೆ ತೇವ ಮತ್ತು ಚೂರು ಸಕ್ಕರೆ ಸಿಗುವ ಕಡೆ ಗುಂಪು ಕಟ್ಟಿಕೊಂಡಿರುತ್ತವೆ. ಬಹುಪಾಲು ನಿರುಪದ್ರವಿ. ಎಷ್ಟೋ ನಿಮ್ಮ ಪರವೇ. ರೋಗಾಣುವೂ ಒಳಗೆ ಹೋಗಬೇಕಾದ್ದು ಅದೇ ರಂಧ್ರಗಳಿಂದ ಅಥವಾ ಗಾಯಗಳಿಂದ. ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿದ ಹಾಗೆ ಅಲ್ಲಿ ಜಾಗ ಹಿಡಿದು ಕೂತವರು ಇದ್ದಷ್ಟು ದಿನ ಹೊಸಬನಿಗೆ ಕಷ್ಟ.

ಆ್ಯಂಟಿಬಯೋಟಿಕ್ ಹೊಡೆದಾಗ ಮೊದಲು ಹೋಗುವವರು ಆ ಹಳಬರೇ. ಎಲೆಯ ಒಳಗೆ ಸೇರಿದ ರೋಗಾಣುವಿಗೆ ಮೇಲಿನ ಸ್ಪ್ರೇ ಸರಿಯಾಗಿ ತಲುಪುವುದೂ ಇಲ್ಲ. ನೂರು ಸಲ ಹೊಡೆದಲ್ಲಿ ಕೊನೆಗೆ ಉಳಿಯುವುದು ಔಷಧಿಗೆ ಬಗ್ಗದವು ಮಾತ್ರ. ಅವುಗಳಿಗೆ ಡೋಸ್ ಹೆಚ್ಚಿಸಿ ಏನು ಪ್ರಯೋಜನ ಹೇಳಿ.

ಇದು ನಮ್ಮಲ್ಲಷ್ಟೇ ಆದದ್ದಲ್ಲ. ಅಮೆರಿಕದ ಸೇಬು, ಪೇರ್ ತೋಟಗಳಲ್ಲಿ 1950ರ ದಶಕದಿಂದ ಸ್ಟ್ರೆಪ್ಟೊಮೈಸಿನ್ ಹೊಡೆಯುತ್ತಾ ಬಂದರು. 1971ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬಗ್ಗದ ರೋಗಾಣು ಸಿಕ್ಕಿತು. ಮುಂದೆ ಮಿಷಿಗನ್‌ನಲ್ಲಿ ಕಂಡದ್ದು ಇನ್ನೂ ಕೆಟ್ಟ ಸಂಗತಿ. ಔಷಧಿಯನ್ನು ನಿಷ್ಕ್ರಿಯ ಮಾಡುವ ಜೀನ್‌ಗಳು ರೋಗಾಣುವಿನಲ್ಲಿ ಮಾತ್ರ ಇರಲಿಲ್ಲ, ಅದೇ ತೋಟಗಳ ಪಾಪದ ಬ್ಯಾಕ್ಟೀರಿಯಾಗಳಲ್ಲೂ ಇದ್ದವು. ಆ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಅದೇ ಜೀನ್‌ಗಳು ಮನುಷ್ಯರ ರೋಗಾಣುಗಳಲ್ಲೂ ಸಿಗುತ್ತವೆ.

"ಗಿಡಕ್ಕೆ ಹೊಡೆದದ್ದು ಗಿಡಕ್ಕೆ, ಮನುಷ್ಯರಿಗೇನು?" ಅನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಮಾಸ್ಕ್ ಇಲ್ಲದೆ ಪಂಪ್ ಹೊತ್ತು ಸಾಲಿನಿಂದ ಸಾಲಿಗೆ ನಡೆಯುವ ಕೂಲಿಯವರು ಮನುಷ್ಯರಲ್ವಾ? ಅವರ ಮೈಮೇಲೆ, ಮೂಗಿನಲ್ಲಿ, ಹೊಟ್ಟೆಯಲ್ಲಿ ಇರುವುದೂ ಬ್ಯಾಕ್ಟೀರಿಯಾಗಳೇ. ಈ ಮಿಶ್ರಣವನ್ನು ಕೃಷಿಯಲ್ಲಿ ನಿಷೇಧಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲೇ ಹೊರಡಿಸಿತ್ತು. ಇಷ್ಟಾದ ಮೇಲೂ ಡಬಲ್ ಹಾಕಿ ಅನ್ನುವ ಅಂಗಡಿಯವನು ಡಾಕ್ಟರ್ ಅಲ್ಲ, ವ್ಯಾಪಾರಿ.

ಹಾಗಾದರೆ ಏನು ಮಾಡಬೇಕು? ಅಂಗಮಾರಿ ಇರುವ ಕಡೆ ಮೃಗ ಬಹಾರ (ಮುಂಗಾರು ಮಳೆಯಲ್ಲಿ ಹೂ ಬಿಡಿಸುವ ಬೆಳೆ) ಬಿಡಿ, ಹಸ್ತ ಬಹಾರ (ಮಳೆ ಮುಗಿಯುವ ಹೊತ್ತಿಗೆ ಹೂ ಬಿಡಿಸುವ ಬೆಳೆ) ಹಿಡಿಯಿರಿ. ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರ ಸಲಹೆಯೂ ಇದೇ. ಕಾಯಿ ಮಳೆಗೆ ಸಿಗದಿದ್ದರೆ ಅರ್ಧ ಕೆಲಸ ಆದಂತೆ, ಯಾಕೆಂದರೆ ಈ ರೋಗ ಹರಡುವುದೇ ಮಳೆಹನಿ ಸಿಡಿದು. ಕೊಯ್ಲಾದ ಮೇಲೆ ಗಿಡಕ್ಕೆ ಮೂರು-ನಾಲ್ಕು ತಿಂಗಳು ವಿಶ್ರಾಂತಿ ಕೊಡಿ. ರೋಗದ ಕಡ್ಡಿಯನ್ನು ಚುಕ್ಕೆಗಿಂತ ಎರಡು ಇಂಚು ಕೆಳಗೆ ಕತ್ತರಿಸಿ. ಒಂದು ಗಿಡ ಮುಗಿದ ಕೂಡಲೇ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಆಮೇಲೆ ಮುಂದಿನ ಗಿಡ. ಇದನ್ನು ಯಾರೂ ಮಾಡುವುದಿಲ್ಲ. ಸಾಲು ಬೇಗ ಮುಗಿಯಲಿ ಅಂತ ಅದೇ ಕತ್ತರಿಯಲ್ಲಿ ಇಡೀ ತೋಟಕ್ಕೆ ರೋಗ ಹಂಚುತ್ತಾರೆ. ಉದುರಿದ ಎಲೆ, ಕಾಯಿ ಗುಡಿಸಿ ಸುಟ್ಟುಬಿಡಿ. ಬಿದ್ದ ಎಲೆಯಲ್ಲಿ ರೋಗಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಕತ್ತರಿಸಿದ ಮೇಲೆ ಶೇ. 1ರ ಬೋರ್ಡೋ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ದ್ರಾವಣ) ಹೊಡೆಯಿರಿ. ತಾಮ್ರವೂ ಎಲೆಯ ಮೇಲಿನವರನ್ನು ಕೊಲ್ಲುತ್ತದೆ, ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುತ್ತವೆ. ಹಾಗಾಗಿ ವಾರ ವಾರ ಬೇಡ. ಯೂರಿಯಾ ಕಡಿಮೆ ಮಾಡಿ, ಮೆತ್ತಗಿನ ಹೊಸ ಚಿಗುರು ರೋಗಕ್ಕೆ ಬೇಗ ಸಿಗುತ್ತದೆ. ಹೊಸದಾಗಿ ನೆಡುವವರು ರೋಗದ ತೋಟದ ಗೂಟಿ ಸಸಿಯನ್ನು (ಗಿಡದ ಕೊಂಬೆಯಲ್ಲೇ ಬೇರು ಬರಿಸಿ ಮಾಡಿದ ಸಸಿ) ಪುಕ್ಕಟೆ ಕೊಟ್ಟರೂ ತರಬೇಡಿ.

ಈ ವರ್ಷ ಇಳುವರಿ ಕಡಿಮೆ ಆಗಬಹುದು. ಆಗುವುದಿಲ್ಲ ಅಂತ ನಾನು ಸುಮ್ನೆ ಸಮಾಧಾನ ಹೇಳುವುದಿಲ್ಲ.

ಟ್ರೈಕೋಡರ್ಮಾ ಮತ್ತು ಬೋರ್ಡೋ ಒಟ್ಟಿಗೆ ಕೊಡಬಹುದೇ?

ಇಲ್ಲ. ಟ್ರೈಕೋಡರ್ಮಾ ಒಂದು ಶಿಲೀಂಧ್ರ, ಬೋರ್ಡೋ ಇರುವುದೇ ಶಿಲೀಂಧ್ರ ಕೊಲ್ಲಲು.

"21 ಬಗೆಯ ಜೀವಾಣು" ಇರುವ ಬಾಟಲಿ ಮಾರುತ್ತಿದ್ದಾರೆ. ಎಲ್ಲ ಬೆಳೆಗೂ, ಎಲ್ಲ ರೋಗಕ್ಕೂ ಆಗುತ್ತದಂತೆ. ತರಬಹುದೇ?

ಲೇಬಲ್ಲಿನಲ್ಲಿ ಜೀವಾಣುವಿನ ಹೆಸರು, ಒಂದು ಮಿಲಿಲೀಟರಿಗೆ ಎಷ್ಟು, ತಯಾರಾದ ದಿನ, ಮುಗಿಯುವ ದಿನ ಇದೆಯಾ? ಉದಾಹರಣೆಗೆ ದ್ವಿದಳ ಬೆಳೆಯ ಬೇರಿಗೆ ಸಾರಜನಕ ಕೊಡುವ ಜೀವಾಣುವಾದ ರೈಜೋಬಿಯಂನ ದ್ರವರೂಪದಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕಣ ಇರಬೇಕೆಂದು ಕಾನೂನೇ ಹೇಳುತ್ತದೆ. ಬಿಸಿಲಿಗೆ ಇಟ್ಟ ಬಾಟಲಿಯಲ್ಲಿ ಅವು ಸತ್ತಿರುತ್ತವೆ. ಎಲ್ಲ ರೋಗಕ್ಕೂ ಒಂದೇ ಬಾಟಲಿ ಅನ್ನುವವರನ್ನು ಗೇಟಿನಲ್ಲೇ ವಾಪಸ್ ಕಳಿಸಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಒಳ್ಳೆಯದು ಸಿಗುತ್ತದೆ, ಕಡಿಮೆ ದುಡ್ಡಿಗೆ.

ಸೊಪ್ಪು, ಮೊಳಕೆಕಾಳು ತೊಳೆಯದೆ ಹಸಿಯಾಗಿ ತಿಂದರೆ ಒಳ್ಳೆಯ ಬ್ಯಾಕ್ಟೀರಿಯಾ ಹೊಟ್ಟೆ ಸೇರುತ್ತವೆಯಂತೆ?

ಒಳ್ಳೆಯವೂ ಸೇರುತ್ತವೆ, ಕೆಟ್ಟವೂ ಸೇರುತ್ತವೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ. ಕೋಲಿ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಸೊಪ್ಪನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚರಂಡಿ ನೀರಿನಲ್ಲಿ ಬೆಳೆದದ್ದು ಅಂತ ಅನುಮಾನವಿದ್ದರೆ ಹಸಿಯಾಗಿ ತಿನ್ನಲೇಬೇಡಿ. ಮೊಳಕೆಕಾಳನ್ನು ತೊಳೆದರೂ ಪೂರ್ತಿ ಶುದ್ಧವಾಗುವುದಿಲ್ಲ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಬೇಯಿಸಿಯೇ ಕೊಡಿ.